ಕತ್ತರಿಸಿ ತೆಗೆದ ಗಂಟು ಪ್ರಯೋಗಾಲಯಕ್ಕೆ ಹೋಗಲೇಬೇಕು

ಮಾನ್ಯ ಸಂಪಾದಕರಿಗೆ,

ವೈದ್ಯಕೀಯ ನಿರ್ಲಕ್ಷ್ಯದ ಸುದ್ದಿಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಯೊಳಗೇ ಉಳಿದುಹೋದ ಬಟ್ಟೆ, ತಪ್ಪಾಗಿ ಕೊಟ್ಟ ಚುಚ್ಚುಮದ್ದು, ಹೆರಿಗೆಯ ಹೊತ್ತಿಗೆ ಆಸ್ಪತ್ರೆಯಲ್ಲಿಲ್ಲದ ವೈದ್ಯರು, ಇಂಥ ಪ್ರಕರಣಗಳಲ್ಲಿ ಅನಾಹುತ ನಡೆದ ದಿನವೂ ಜಾಗವೂ ಕಣ್ಣಿಗೆ ಕಾಣುವುದರಿಂದ ಜನರ ಸಿಟ್ಟು, ಅಧಿಕಾರಿಗಳ ತನಿಖೆ ಎರಡೂ ಬೇಗ ಶುರುವಾಗುತ್ತವೆ. ಆದರೆ ತಿಂಗಳುಗಟ್ಟಲೆ ನಿಧಾನವಾಗಿ ನಡೆಯುವ ಇನ್ನೊಂದು ಬಗೆಯ ನಿರ್ಲಕ್ಷ್ಯವಿದೆ. ಅಲ್ಲಿ ಯಾರೂ ವಿಷ ಕೊಟ್ಟಿರುವುದಿಲ್ಲ. ಚೀಟಿಯಲ್ಲಿ ಬರೆದುಕೊಡಬೇಕಾಗಿದ್ದ ಒಂದು ತಪಾಸಣೆಯನ್ನು ಯಾರೂ ಬರೆದುಕೊಟ್ಟಿರುವುದಿಲ್ಲ, ಅಷ್ಟೆ. ಚರ್ಮದ ಕ್ಯಾನ್ಸರನ್ನು ಆಣಿಯೆಂದೋ, ನರುಲಿಯೆಂದೋ, ಉಗುರಿನ ಫಂಗಸ್ ಎಂದೋ, ಸಕ್ಕರೆ ಕಾಯಿಲೆಯವರ ಗಾಯವೆಂದೋ ತಿಳಿದು ಮುಲಾಮು ಹಚ್ಚಿಸುತ್ತ ಕಾಲ ಕಳೆಯುವುದು ಈ ಬಗೆಯದು. ಆರೋಗ್ಯ ಇಲಾಖೆ, ಕರ್ನಾಟಕ ವೈದ್ಯಕೀಯ ಪರಿಷತ್ತು ಮತ್ತು ಓದುಗರ ಗಮನವನ್ನು ಇದರತ್ತ ಸೆಳೆಯುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಚರ್ಮದ ಕ್ಯಾನ್ಸರ್ ಬಿಳಿಯರ ಕಾಯಿಲೆ, ನಮ್ಮ ಮೈಬಣ್ಣದವರಿಗೆ ಬರುವುದಿಲ್ಲ ಎಂಬ ನಂಬಿಕೆ ಜನಸಾಮಾನ್ಯರಲ್ಲಿ ಮಾತ್ರವಲ್ಲ, ಅನೇಕ ವೈದ್ಯರಲ್ಲೂ ಇದೆ. ಅದರಲ್ಲಿ ಅರ್ಧ ನಿಜವಿರುವುದರಿಂದಲೇ ಅದು ಅಪಾಯಕಾರಿ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಬಿಸಿಲಿನ ಅತಿನೇರಳೆ ಕಿರಣಗಳಿಂದ ನಮ್ಮನ್ನು ಬಹುಮಟ್ಟಿಗೆ ಕಾಯುತ್ತದೆ. ಮೆಲನೋಮ ಎಂಬ ಮಾರಕ ಚರ್ಮದ ಕ್ಯಾನ್ಸರ್ ಭಾರತದಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗೂ ಬರುವುದಿಲ್ಲ; ಆಸ್ಟ್ರೇಲಿಯದಲ್ಲಿ ಅದರ ಪ್ರಮಾಣ ಇಲ್ಲಿಗಿಂತ ಹತ್ತಾರು ಪಟ್ಟು ಹೆಚ್ಚು. ಆದರೆ ಅಂಗಾಲು, ಅಂಗೈ, ಉಗುರಿನ ಬುಡ, ಇಲ್ಲಿ ಹುಟ್ಟುವ ಏಕ್ರಲ್ ಮೆಲನೋಮಕ್ಕೆ ಬಿಸಿಲಿನ ಹಂಗಿಲ್ಲವಾದ್ದರಿಂದ ಮೈಬಣ್ಣದ ರಕ್ಷಣೆ ಅದರ ಮುಂದೆ ನಡೆಯುವುದಿಲ್ಲ. ಕಪ್ಪು, ಕಂದು ಮೈಬಣ್ಣದವರಲ್ಲಿ ಕಾಣುವ ಮೆಲನೋಮಗಳಲ್ಲಿ ಈ ಬಗೆಯದರ ಪಾಲು ದೊಡ್ಡದು. ಜಮೈಕದ ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲಿನ ಹೆಬ್ಬೆರಳಿನ ಉಗುರಿನಡಿ ಪತ್ತೆಯಾದದ್ದು ಇದೇ. ಮೊದಲಿಗೆ ಅದನ್ನು ಫುಟ್‌ಬಾಲ್ ಆಡುವಾಗ ಆದ ಗಾಯವೆಂದೇ ಭಾವಿಸಲಾಗಿತ್ತು. 1981ರ ಮೇ ತಿಂಗಳಲ್ಲಿ, 36ನೆಯ ವಯಸ್ಸಿಗೆ ಅವರು ತೀರಿಕೊಂಡರು. ಕೆಲವು ಮೆಲನೋಮಗಳಲ್ಲಿ ಕಪ್ಪು ಬಣ್ಣವೇ ಇರುವುದಿಲ್ಲ. ನಸುಗೆಂಪು ಮಾಂಸದ ಗುಳ್ಳೆಯಂತೆ ಕಾಣುವ ಅವನ್ನು ಬರಿಗಣ್ಣಿನಿಂದ ಗುರುತಿಸುವುದು ಅನುಭವಿ ಚರ್ಮತಜ್ಞರಿಗೂ ಕಷ್ಟ.

ನನ್ನ ಸೋದರತ್ತೆಗೆ ಬಂದದ್ದು ಇದೇ ಕಾಯಿಲೆ. ಬರಿಗಾಲಿನಲ್ಲಿ ಹೊಲದಲ್ಲಿ ದುಡಿದವರು ಅವರು. ಹಿಮ್ಮಡಿಯ ಹತ್ತಿರ ಕಾಣಿಸಿದ ಕಪ್ಪು ಮಚ್ಚೆಯನ್ನು ಮುಳ್ಳು ಮುರಿದು ಕೂತದ್ದೆಂದು ಮನೆಯವರೆಲ್ಲ ತಿಳಿದರು. ಅದು ಸಹಜವೂ ಹೌದು. ತಾಲ್ಲೂಕು ಕೇಂದ್ರದ ವೈದ್ಯರೊಬ್ಬರು ಆಣಿಯೆಂದು ಹೇಳಿ ಅದಕ್ಕೆ ಹಚ್ಚುವ ಪಟ್ಟಿ ಬರೆದುಕೊಟ್ಟರು. ನೋವು ಕಡಿಮೆಯಾಗದೆ ರಕ್ತ ಒಸರತೊಡಗಿದಾಗ ಖಾಸಗಿ ನರ್ಸಿಂಗ್ ಹೋಮಿನಲ್ಲಿ ಮರಗಟ್ಟುವ ಚುಚ್ಚುಮದ್ದು ಕೊಟ್ಟು ಅದನ್ನು ಕತ್ತರಿಸಿ ತೆಗೆದರು. ಕತ್ತರಿಸಿದ ತುಂಡು ಕಸದ ಬುಟ್ಟಿಗೆ ಹೋಯಿತು. ಗಾಯ ಮಾಯಲಿಲ್ಲ. ಸಕ್ಕರೆ ಕಾಯಿಲೆ ಇದ್ದುದರಿಂದ ಮಾಯಲು ತಡವಾಗುತ್ತದೆಂಬ ಸಮಾಧಾನ, ವಾರವಾರವೂ ಡ್ರೆಸಿಂಗ್, ಒಂದಾದ ಮೇಲೊಂದು ಆಂಟಿಬಯಾಟಿಕ್, ಹೀಗೆಯೇ ಮಳೆಗಾಲ ಕಳೆದು ಬೇಸಿಗೆ ಬಂದಿತು. ತೊಡೆಸಂದಿನಲ್ಲಿ ಗಡ್ಡೆ ಕಾಣಿಸಿದ ಮೇಲಷ್ಟೇ ಹೊಸದಾಗಿ ಬಂದಿದ್ದ ಯುವ ವೈದ್ಯೆಯೊಬ್ಬರು ಪಾದವನ್ನೂ ಗಡ್ಡೆಯನ್ನೂ ಒಟ್ಟಿಗೆ ನೋಡಿ, ಆ ದಿನವೇ ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಬಯಾಪ್ಸಿ, ಅಂದರೆ ಚೂರು ತೆಗೆದು ಪರೀಕ್ಷೆ, ಮಾಡಿದಾಗ ಮೆಲನೋಮ ದುಗ್ಧರಸ ಗ್ರಂಥಿಗಳಿಗೆ (ಲಿಂಫ್ ನೋಡ್) ಹರಡಿದೆಯೆಂದು ಗೊತ್ತಾಯಿತು. ಪಾದದ ಭಾಗವನ್ನು ತೆಗೆದರೂ ಅತ್ತೆ ಉಳಿಯಲಿಲ್ಲ. ನರ್ಸಿಂಗ್ ಹೋಮಿಗೆ ಹೋಗಿ ಆ ತುಂಡನ್ನು ಪರೀಕ್ಷೆಗೆ ಏಕೆ ಕಳಿಸಲಿಲ್ಲವೆಂದು ಕೇಳಿದಾಗ, ಆಣಿಯನ್ನು ಯಾರು ಪರೀಕ್ಷೆಗೆ ಕಳಿಸುತ್ತಾರೆ ಎಂಬ ಉತ್ತರ ಬಂತು. ಈ ಪತ್ರ ಬರೆಯಿಸಿದ್ದು ಆ ಉತ್ತರ. ಅದು ಆಣಿಯೆಂದು ತೀರ್ಮಾನವಾದದ್ದು ಬರಿಗಣ್ಣಿನಿಂದ. ಆ ತೀರ್ಮಾನ ಸರಿಯೇ ಎಂದು ತೋರಿಸಬಲ್ಲ ಒಂದೇ ಸಾಕ್ಷಿಯನ್ನು ತೀರ್ಮಾನ ಮಾಡಿದವರೇ ಎಸೆದಿದ್ದರು.

ಚರ್ಮದ ವಿಷಯದಲ್ಲಿ ತಡವಾದ ಪತ್ತೆಯನ್ನು ಒಪ್ಪಿಕೊಳ್ಳುವುದು ಕಷ್ಟ, ಏಕೆಂದರೆ ಬೇರೆ ಕ್ಯಾನ್ಸರುಗಳಂತೆ ಇದು ದೇಹದ ಒಳಗೆ ಅಡಗಿ ಕೂತಿರುವುದಿಲ್ಲ. ಮರಗಟ್ಟಿಸಿ 3 ಅಥವಾ 4 ಮಿಲಿಮೀಟರ್ ಅಗಲದ ಪಂಚ್ ಉಪಕರಣದಿಂದ ಚರ್ಮದ ಚೂರೊಂದನ್ನು ತೆಗೆಯಲು ಕೆಲವೇ ನಿಮಿಷ ಸಾಕು; ದೊಡ್ಡ ಶಸ್ತ್ರಚಿಕಿತ್ಸಾ ಕೊಠಡಿಯಾಗಲಿ, ಸ್ಕ್ಯಾನ್ ಯಂತ್ರವಾಗಲಿ ಬೇಕಿಲ್ಲ. ಆ ಚೂರನ್ನು, ಅದು ಕೆಡದಂತೆ ಕಾಪಾಡುವ ಫಾರ್ಮಲಿನ್ ತುಂಬಿದ ಪುಟ್ಟ ಬಾಟಲಿಯಲ್ಲಿ ಹಾಕಿ, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಪೆಥಾಲಜಿ ವಿಭಾಗಕ್ಕೆ ಕಳಿಸಿದರೆ ಉತ್ತರ ಸಿಗುತ್ತದೆ. ಮೆಲನೋಮ ಚರ್ಮದೊಳಗೆ ಎಷ್ಟು ಆಳಕ್ಕೆ ಇಳಿದಿದೆ ಎಂಬ ಅಳತೆಯೇ ರೋಗಿಯ ಭವಿಷ್ಯವನ್ನು ಬಹುಪಾಲು ನಿರ್ಧರಿಸುತ್ತದೆ. ಒಂದು ಮಿಲಿಮೀಟರಿಗಿಂತ ತೆಳುವಾಗಿದ್ದಾಗಲೇ ಪೂರ್ತಿ ತೆಗೆದವರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿ ಐದು ವರ್ಷಗಳ ನಂತರವೂ ಬದುಕಿರುತ್ತಾರೆ. ಮಿಲಿಮೀಟರುಗಳಲ್ಲಿ ಎಣಿಸುವ ಕಾಯಿಲೆಗೆ ನಾವು ತಿಂಗಳುಗಳನ್ನು ಬಿಟ್ಟುಕೊಡುತ್ತಿದ್ದೇವೆ. ಅದು ಹರಡಿದ ಮೇಲೆ ಬೇಕಾಗುವ, ದೇಹದ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರಿನ ವಿರುದ್ಧ ಎತ್ತಿಕಟ್ಟುವ ಇಮ್ಯುನೊಥೆರಪಿ ಔಷಧಗಳ ವೆಚ್ಚ ಲಕ್ಷಗಳಲ್ಲಿದ್ದು, ಕೃಷಿಕೂಲಿಯ ಮನೆಯೊಂದು ಅದನ್ನು ಭರಿಸುವ ಮಾತೇ ಇಲ್ಲ.

ಮೆಲನೋಮ ಅಪರೂಪ ಎಂಬ ಸಮಜಾಯಿಷಿ ಉಳಿದ ಚರ್ಮದ ಕ್ಯಾನ್ಸರುಗಳಿಗೆ ಸಲ್ಲುವುದಿಲ್ಲ. ಸುಟ್ಟ ಗಾಯದ ಹಳೆಯ ಕಲೆಯಲ್ಲಿ, ಎಷ್ಟೋ ದಶಕಗಳ ನಂತರ, ಹುಣ್ಣೆದ್ದು ಅದು ಸ್ಕ್ವೇಮಸ್ ಸೆಲ್ ಕಾರ್ಸಿನೋಮ ಎಂಬ ಚರ್ಮದ ಕ್ಯಾನ್ಸರ್ ಆಗಬಹುದು. ಫ್ರಾನ್ಸಿನ ಶಸ್ತ್ರವೈದ್ಯ ಮಾರ್ಜೊಲಿನ್ 1828ರಲ್ಲಿ ಇಂಥ ಹುಣ್ಣುಗಳನ್ನು ವರ್ಣಿಸಿದ್ದರಿಂದ ಇವಕ್ಕೆ ಅವರದೇ ಹೆಸರಿದೆ. ಸೀಮೆಎಣ್ಣೆ ಸ್ಟೌ, ಸೌದೆ ಒಲೆಗಳಲ್ಲಿ ಮೈ ಸುಟ್ಟುಕೊಂಡ ಹೆಂಗಸರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ಲಂಗದ ಲಾಡಿಯನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟಿ ಕಟ್ಟಿ, ಉಜ್ಜಿದ ಜಾಗದಲ್ಲಿ ಹುಣ್ಣಾಗಿ ಕ್ಯಾನ್ಸರಿಗೆ ತಿರುಗಿದ ಇಬ್ಬರು ಮಹಿಳೆಯರ ವಿವರವನ್ನು ಮಹಾರಾಷ್ಟ್ರದ ವಾರ್ಧಾ ಮತ್ತು ಬಿಹಾರದ ಮಧುಬನಿಯ ವೈದ್ಯರು 2024ರಲ್ಲಿ ಬ್ರಿಟಿಷ್ ವೈದ್ಯಕೀಯ ನಿಯತಕಾಲಿಕವೊಂದರಲ್ಲಿ ಪ್ರಕಟಿಸಿದರು. ಆ ಮಹಿಳೆಯರಲ್ಲಿ ಒಬ್ಬರು ಮಾಯದ ಹುಣ್ಣಿನೊಂದಿಗೆ 18 ತಿಂಗಳು ಕಳೆದಿದ್ದರು. ಇನ್ನೊಬ್ಬರಿಗೆ ರೋಗ ತೊಡೆಸಂದಿನ ಗ್ರಂಥಿಗೆ ಹರಡಿತ್ತು. ನಮ್ಮದೇ ಯಾದಗಿರಿ ಜಿಲ್ಲೆಯಲ್ಲಿ, ಹಿಂದೆ ಚಿನ್ನದ ಗಣಿಗಾರಿಕೆ ನಡೆದಿದ್ದ ಸುರಪುರ ಸೀಮೆಯ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನಲ್ಲಿದ್ದ ಆರ್ಸೆನಿಕ್‌ನಿಂದ ಜನರ ಅಂಗೈ, ಅಂಗಾಲುಗಳಲ್ಲಿ ಗಡಸು ಗಂಟುಗಳೆದ್ದದ್ದು ವೈಜ್ಞಾನಿಕ ಅಧ್ಯಯನಗಳಲ್ಲಿ ದಾಖಲಾಗಿದೆ. ಇಂಥ ಗಂಟುಗಳು ಕ್ಯಾನ್ಸರಿಗೆ ತಿರುಗಬಲ್ಲವೆಂಬುದು ವೈದ್ಯಶಾಸ್ತ್ರಕ್ಕೆ ಬಹುಕಾಲದಿಂದ ತಿಳಿದ ವಿಷಯ. ಬಿಸಿಲಲ್ಲಿ ದುಡಿಯುವವರ ಮೂಗು, ಕೆನ್ನೆಗಳ ಮೇಲೆ ಏಳುವ ಬೇಸಲ್ ಸೆಲ್ ಕಾರ್ಸಿನೋಮ ಎಂಬ ಇನ್ನೊಂದು ಬಗೆಯ ಚರ್ಮದ ಕ್ಯಾನ್ಸರ್ ದೂರಕ್ಕೆ ಹರಡುವುದು ಅಪರೂಪವಾದರೂ ಬಿಟ್ಟರೆ ಮೂಳೆಯವರೆಗೂ ತಿನ್ನುತ್ತದೆ. ಇವುಗಳಲ್ಲಿ ಯಾವುದಕ್ಕಾದರೂ ಸ್ಟೀರಾಯ್ಡ್ ಮುಲಾಮು ಹಚ್ಚಿ ಕೂತರೆ ತುರಿಕೆ, ಕೆಂಪು ಕೆಲಕಾಲ ಇಳಿದು, ಗುಣವಾಗುತ್ತಿದೆಯೆಂಬ ಸುಳ್ಳು ಭರವಸೆ ರೋಗಿಗೂ ವೈದ್ಯರಿಗೂ ಹುಟ್ಟುತ್ತದೆ.

ನಿರ್ಲಕ್ಷ್ಯ ಯಾವುದು, ಯಾವುದು ಅಲ್ಲ ಎಂಬುದನ್ನು ನ್ಯಾಯಯುತವಾಗಿಯೇ ಹೇಳಬೇಕು. 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತೀರ್ಮಾನದಲ್ಲಾದ ಪ್ರತಿಯೊಂದು ತಪ್ಪೂ ನಿರ್ಲಕ್ಷ್ಯವಲ್ಲವೆಂದೂ, ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಬೇಕಾದರೆ ನಿರ್ಲಕ್ಷ್ಯ ಘೋರವಾಗಿರಬೇಕೆಂದೂ ಹೇಳಿತು. ಅದು ಸರಿಯಾದ ಮಾತು. ಬೆಳಗಿನಿಂದ ನೂರಾರು ರೋಗಿಗಳನ್ನು ನೋಡುವ ವೈದ್ಯರಿಗೆ ಮೊದಲ ಭೇಟಿಯಲ್ಲೇ ಹಿಮ್ಮಡಿಯ ಕಪ್ಪು ಮಚ್ಚೆ ಮೆಲನೋಮವೆಂದು ಹೊಳೆಯಬೇಕಿತ್ತೆಂದು ನಾನು ವಾದಿಸುವುದಿಲ್ಲ, ಯಾರನ್ನೂ ಜೈಲಿಗೆ ಕಳಿಸಬೇಕೆಂಬ ಆಸೆಯೂ ನನಗಿಲ್ಲ. ನನ್ನ ತಕರಾರು ಮೂರನೆಯ, ನಾಲ್ಕನೆಯ ಭೇಟಿಯ ಬಗ್ಗೆ. ಬರೆದುಕೊಟ್ಟ ಔಷಧ ಕೆಲಸ ಮಾಡಿಲ್ಲ, ಗಾಯ ದೊಡ್ಡದಾಗಿದೆ, ರಕ್ತ ಬರುತ್ತಿದೆ ಎಂದು ರೋಗಿ ಹೇಳಿದ ಮೇಲೂ ಮೊದಲಿನ ಊಹೆಯನ್ನು ಪ್ರಶ್ನಿಸದೆ ಅದೇ ಚೀಟಿಯನ್ನು ಮತ್ತೆ ಬರೆಯುವುದು ತೀರ್ಮಾನದ ತಪ್ಪಲ್ಲ, ತೀರ್ಮಾನವನ್ನೇ ಮಾಡದಿರುವುದು.

ಇಂಥ ಪ್ರಕರಣಗಳಲ್ಲಿ ನೊಂದವರಿಗೆ ದಾರಿಯೇ ಇಲ್ಲವೆಂದೇನೂ ಅಲ್ಲ. 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ವೈದ್ಯಕೀಯ ಸೇವೆಯನ್ನು ಗ್ರಾಹಕ ಕಾನೂನಿನ ವ್ಯಾಪ್ತಿಗೆ ತಂದಿತು. 2010ರಲ್ಲಿ ವಿ. ಕಿಶನ್ ರಾವ್ ಪ್ರಕರಣದಲ್ಲಿ, ಮಲೇರಿಯ ಇದ್ದ ಮಹಿಳೆಗೆ ಟೈಫಾಯ್ಡ್ ಚಿಕಿತ್ಸೆ ಕೊಟ್ಟು ಅವರು ಸಾವನ್ನಪ್ಪಿದ್ದಕ್ಕೆ ಜಿಲ್ಲಾ ಗ್ರಾಹಕರ ವೇದಿಕೆ ಕೊಡಿಸಿದ್ದ ಪರಿಹಾರವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದು, ಪ್ರತಿ ಪ್ರಕರಣದಲ್ಲೂ ತಜ್ಞರ ಸಾಕ್ಷ್ಯ ಕಡ್ಡಾಯವಲ್ಲವೆಂದು ಸ್ಪಷ್ಟಪಡಿಸಿತು. ತಪ್ಪು ರೋಗನಿರ್ಣಯದ ಸಂತ್ರಸ್ತರಿಗೆ ಇದಕ್ಕಿಂತ ಹತ್ತಿರದ ತೀರ್ಪು ಇನ್ನೊಂದಿಲ್ಲವೆಂದು ನನ್ನ ಭಾವನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆಸ್ಪತ್ರೆಗೆ ಕಟ್ಟಿದ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೂ ಇಲ್ಲ.

ಆದರೆ ತಡವಾಗಿ ಪತ್ತೆಯಾದ ಚರ್ಮದ ಕ್ಯಾನ್ಸರಿನ ರೋಗಿ ಈ ದಾರಿಯಲ್ಲಿ ನಡೆಯಲು ಹೊರಟರೆ ಮೊದಲ ಹೆಜ್ಜೆಯಲ್ಲೇ ಮುಗ್ಗರಿಸುತ್ತಾನೆ, ಏಕೆಂದರೆ ಅವನ ಬಳಿ ದಾಖಲೆಯೇ ಇರುವುದಿಲ್ಲ. ವೈದ್ಯರ ವೃತ್ತಿನಡತೆಯ ಬಗೆಗಿನ 2002ರ ನಿಯಮಾವಳಿ, ರೋಗಿ ಕೇಳಿದರೆ 72 ಗಂಟೆಗಳೊಳಗೆ ದಾಖಲೆ ಕೊಡಬೇಕೆನ್ನುತ್ತದೆ. ಆದರೆ ಮೂರು ವರ್ಷ ದಾಖಲೆ ಕಾಪಾಡಬೇಕೆಂಬ ಕಟ್ಟಳೆ ಅದರಲ್ಲಿರುವುದು ಒಳರೋಗಿಗಳಿಗೆ ಸಂಬಂಧಿಸಿ ಮಾತ್ರ. ಮಚ್ಚೆ, ಗಂಟು, ಮಾಯದ ಹುಣ್ಣುಗಳೊಂದಿಗೆ ಬರುವವರನ್ನು ಯಾರು ದಾಖಲು ಮಾಡಿಕೊಳ್ಳುತ್ತಾರೆ? ಅವರೆಲ್ಲ ಹೊರರೋಗಿಗಳು. ಅವರ ಇಡೀ ಚರಿತ್ರೆ ಇರುವುದು ಔಷಧ ಅಂಗಡಿಯಲ್ಲಿ ತೋರಿಸಿ ಮಡಿಚಿ ಜೇಬಿಗಿಟ್ಟ ಚೀಟಿಗಳಲ್ಲಿ. ಆ ಚೀಟಿಯಲ್ಲೂ ಔಷಧದ ಹೆಸರಿರುತ್ತದೆಯೇ ಹೊರತು ಗಾಯ ಎಷ್ಟು ದೊಡ್ಡದಿತ್ತು, ಎಷ್ಟು ದಿನದಿಂದ ಇತ್ತು, ವೈದ್ಯರು ಅದನ್ನು ಏನೆಂದು ತಿಳಿದರು ಎಂಬುದು ಇರುವುದಿಲ್ಲ. ಚೀಟಿ ಕಳೆದುಹೋದರೆ ಆ ಭೇಟಿ ನಡೆದೇ ಇಲ್ಲ ಎಂದಂತೆ. ದೂರು ಕೊಡಲು ಎರಡು ವರ್ಷಗಳ ಕಾಲಮಿತಿ ಬೇರೆ ಇದೆ. ತಕ್ಕ ಕಾರಣ ತೋರಿಸಿದರೆ ವಿಳಂಬವನ್ನು ಮನ್ನಿಸಬಹುದಾದರೂ, ಕಿಮೊಥೆರಪಿಗೆ ಓಡಾಡುತ್ತಿರುವ ಕುಟುಂಬಕ್ಕೆ ಆ ಎರಡು ವರ್ಷ ಹೋದದ್ದೇ ತಿಳಿಯುವುದಿಲ್ಲ.

ಇನ್ನೊಂದು ತೊಡಕು ಕಾನೂನಿನ ಒಳಗಿನದು. ಮೊದಲೇ ಪತ್ತೆಯಾಗಿದ್ದರೂ ರೋಗಿ ಸಾಯುತ್ತಿದ್ದಿರಬಹುದಲ್ಲ ಎಂದು ಆಸ್ಪತ್ರೆಯ ವಕೀಲರು ಕೇಳುತ್ತಾರೆ. ಬ್ರಿಟನ್ನಿನಲ್ಲಿ ಒಬ್ಬ ವ್ಯಕ್ತಿಯ ಕಂಕುಳ ಬಳಿಯ ಗಡ್ಡೆಯನ್ನು ವೈದ್ಯರು ನಿರುಪದ್ರವಿ ಎಂದು ಕಳಿಸಿದ್ದರಿಂದ ಕ್ಯಾನ್ಸರ್ ಚಿಕಿತ್ಸೆ ಸುಮಾರು ಒಂಬತ್ತು ತಿಂಗಳು ತಡವಾಯಿತು. ಗುಣವಾಗುವ ಸಾಧ್ಯತೆ ನೂರಕ್ಕೆ 42ರಿಂದ 25ಕ್ಕೆ ಇಳಿಯಿತೆಂದು ನ್ಯಾಯಾಲಯವೇ ಲೆಕ್ಕ ಹಾಕಿತು. ಆದರೂ 2005ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್, ಮೂವರು ನ್ಯಾಯಾಧೀಶರು ಒಂದು ಕಡೆ, ಇಬ್ಬರು ಇನ್ನೊಂದು ಕಡೆಯಾಗಿ, ಮೊದಲೂ ಅರ್ಧಕ್ಕಿಂತ ಕಡಿಮೆ ಸಾಧ್ಯತೆಯೇ ಇದ್ದುದರಿಂದ ಪರಿಹಾರವಿಲ್ಲವೆಂದಿತು. ಆ ಇಬ್ಬರ ಭಿನ್ನಮತವೇ ನನಗೆ ನ್ಯಾಯವೆನಿಸುತ್ತದೆ. ಬದುಕುವ ಅವಕಾಶ ಕಡಿಮೆಯಿದ್ದವನಿಂದ ಇದ್ದಷ್ಟನ್ನೂ ಕಸಿದುಕೊಂಡರೆ ನಷ್ಟವೇ ಆಗಿಲ್ಲವೆಂಬ ವಾದವನ್ನು ನಮ್ಮ ಗ್ರಾಹಕ ಆಯೋಗಗಳು ಒಪ್ಪಬಾರದು.

ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆಗಳು ಗ್ರಾಹಕ ಕಾನೂನಿನ ಹೊರಗಿವೆ. ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪ್ಪಾದರೆ ಬಡವರಿಗೆ ಮುಖ್ಯವಾಗಿ ಉಳಿಯುವುದು ಸಿವಿಲ್ ನ್ಯಾಯಾಲಯ, ಇಲ್ಲವೇ ವೈದ್ಯಕೀಯ ಪರಿಷತ್ತಿಗೆ ಒಂದು ದೂರು. ಪರಿಷತ್ತು ವೈದ್ಯರ ಮೇಲೆ ಶಿಸ್ತುಕ್ರಮ ಕೈಗೊಳ್ಳಬಹುದೇ ಹೊರತು ನೊಂದವರಿಗೆ ಪರಿಹಾರ ಕೊಡಿಸಲಾರದು.

ಆದ್ದರಿಂದ ನ್ಯಾಯಾಲಯದ ಮೆಟ್ಟಿಲು ಹತ್ತುವ ಮೊದಲೇ ಆಗಬೇಕಾದ ಕೆಲಸಗಳಿವೆ, ಅವಕ್ಕೆ ಹೊಸ ಶಾಸನವೂ ಬೇಕಿಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ನಮ್ಮ ರಾಜ್ಯದಲ್ಲಿ 2007ರಿಂದ ಇದೆ; ತಿದ್ದುಪಡಿಯ ನಂತರ ಅದರಲ್ಲಿ ರೋಗಿಗಳ ಸನ್ನದೂ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರವೂ ಸೇರಿವೆ. ಆ ಕಾಯ್ದೆಯಡಿ ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ: ಅಂಗಾಲು, ಅಂಗೈ, ಉಗುರು, ಹಳೆಯ ಸುಟ್ಟ ಕಲೆ ಇವುಗಳಿಂದ ತೆಗೆದ, ಅಥವಾ ಕಪ್ಪಾಗಿರುವ, ರಕ್ತ ಒಸರುವ, ತೆಗೆದ ಮೇಲೆ ಮತ್ತೆ ಬೆಳೆದ ಯಾವುದೇ ಗಂಟನ್ನು ಪೆಥಾಲಜಿ ಪರೀಕ್ಷೆಗೆ ಕಳಿಸದೆ ಎಸೆಯುವಂತಿಲ್ಲ, ಅದರ ವರದಿಯ ಪ್ರತಿಯನ್ನು ರೋಗಿಗೆ ಕೊಡಲೇಬೇಕು. ಪ್ರತಿ ನರುಲಿಯನ್ನೂ ಕಳಿಸಲು ಸಾಧ್ಯವೇ ಎಂದು ವೈದ್ಯರು ಕೇಳುವುದು ಸಹಜ. ಅದಕ್ಕೇ ಈ ಮಿತಿ ಹೇಳಿದ್ದೇನೆ. ಮಚ್ಚೆಗಳನ್ನು ಲೇಸರಿನಿಂದಲೋ ವಿದ್ಯುತ್ತಿನಿಂದಲೋ ಸುಡುವುದನ್ನು ಚರ್ಮತಜ್ಞರ ಪರೀಕ್ಷೆಯಿಲ್ಲದೆ ಎಲ್ಲೂ ಮಾಡಕೂಡದು, ಸೌಂದರ್ಯ ಚಿಕಿತ್ಸಾಲಯಗಳಲ್ಲಂತೂ ಮಾಡಲೇಕೂಡದು. ಸುಟ್ಟ ಮೇಲೆ ಪರೀಕ್ಷಿಸಲು ಏನೂ ಉಳಿಯುವುದಿಲ್ಲ.

ತಾಲ್ಲೂಕು ಆಸ್ಪತ್ರೆಗಳಿಗೆ ಬೇಕಿರುವುದು ಪಂಚ್ ಉಪಕರಣ, ಫಾರ್ಮಲಿನ್ ಬಾಟಲಿಗಳು, ಮತ್ತು ಮಾದರಿಯನ್ನು ಜಿಲ್ಲಾ ಕೇಂದ್ರಕ್ಕೆ ತಲುಪಿಸುವ ಏರ್ಪಾಡು. ಬಹುತೇಕ ಜಿಲ್ಲಾ ಕೇಂದ್ರಗಳಲ್ಲಿ ಈಗ ವೈದ್ಯಕೀಯ ಕಾಲೇಜುಗಳಿವೆ; ಕಾಲೇಜಿದ್ದಲ್ಲಿ ಪೆಥಾಲಜಿ ವಿಭಾಗವಿದ್ದೇ ಇರುತ್ತದೆ. ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಕೊಡಿಸಲು ಸಿದ್ಧವಿರುವ ಸರ್ಕಾರಕ್ಕೆ ಈ ಖರ್ಚು ಏನೇನೂ ಅಲ್ಲ. ಮನೆಮನೆಯ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರುಗಳನ್ನು ಹುಡುಕಲಾಗುತ್ತಿದೆ, ಚರ್ಮದ್ದಿಲ್ಲ. ಆಶಾ ಕಾರ್ಯಕರ್ತೆಯರು ಕುಷ್ಠರೋಗದ ಪತ್ತೆಗಾಗಿ ಚರ್ಮದ ಮಚ್ಚೆಗಳ ಬಗ್ಗೆ ಹೇಗೂ ಕೇಳುತ್ತಾರೆ. ಅದೇ ಹೊತ್ತಿನಲ್ಲಿ ಅಂಗಾಲನ್ನೂ ಉಗುರುಗಳನ್ನೂ ನೋಡಿ, ತಿಂಗಳಿಗೂ ಹೆಚ್ಚು ಕಾಲ ಮಾಯದ ಹುಣ್ಣಿದೆಯೇ ಎಂದು ಕೇಳುವ ತರಬೇತಿ ಅವರಿಗೆ ಸಿಗಲಿ.

ಓದುಗರಲ್ಲಿಯೂ ಒಂದು ಕೋರಿಕೆಯಿದೆ. ಮನೆಯ ಹಿರಿಯರ ಪಾದವನ್ನು ಆಗಾಗ ನೋಡಿ. ಉಗುರಿನಲ್ಲಿ ಹೊಸದಾಗಿ ಕಾಣಿಸಿದ, ಅಗಲವಾಗುತ್ತ ಹೋಗುವ ಕಪ್ಪು ಗೆರೆ, ಅದು ಉಗುರು ದಾಟಿ ಸುತ್ತಲಿನ ಚರ್ಮಕ್ಕೂ ಹರಡಿದರೆ ಇನ್ನೂ ಹೆಚ್ಚಾಗಿ, ಚರ್ಮತಜ್ಞರಿಗೆ ತೋರಿಸಲೇಬೇಕಾದದ್ದು. ಹುಣ್ಣಿನ ಫೋಟೊ ತೆಗೆದು ದಿನಾಂಕದೊಂದಿಗೆ ಇಟ್ಟುಕೊಳ್ಳಿ, ಚೀಟಿಗಳನ್ನು ಎಸೆಯಬೇಡಿ. ನಾಲ್ಕು ವಾರದಲ್ಲಿ ಮಾಯದಿದ್ದರೆ ಬಯಾಪ್ಸಿ ಬೇಡವೇ ಎಂದು ವೈದ್ಯರನ್ನು ವಿನಯದಿಂದಲೇ ಕೇಳಿ. ಬೇಡವೆಂದರೆ ಕಾರಣವನ್ನು ಚೀಟಿಯಲ್ಲಿ ಬರೆದುಕೊಡಲು ಹೇಳಿ. ಒಳ್ಳೆಯ ವೈದ್ಯರು ಇದರಿಂದ ಬೇಸರಪಡುವುದಿಲ್ಲ. ಅತ್ತೆಯ ಪಾದವನ್ನೂ ಗಡ್ಡೆಯನ್ನೂ ಒಟ್ಟಿಗೆ ನೋಡಿದ ಆ ಯುವ ವೈದ್ಯೆ, ಇನ್ನೂ ಮೊದಲೇ ಯಾರಾದರೂ ಕೇಳಬೇಕಿತ್ತು ಎಂದು ನಮ್ಮೆದುರು ಕಣ್ಣೀರು ತಂದುಕೊಂಡಿದ್ದರು.

ಕತ್ತರಿಸಿ ತೆಗೆದ ಚರ್ಮದ ಗಂಟುಗಳನ್ನು ಪರೀಕ್ಷೆಗೆ ಕಳಿಸುವ ಬಗ್ಗೆ ರಾಜ್ಯದ ಖಾಸಗಿ ಮತ್ತು ಸರ್ಕಾರಿ ಆಸ್ಪತ್ರೆಗಳಿಗೆ ಈಗ ಯಾವ ಸೂಚನೆ ಇದೆ, ಹೊರರೋಗಿಗಳ ದಾಖಲೆಯನ್ನು ಎಷ್ಟು ಕಾಲ ಇಡಬೇಕೆಂದು ಇಲಾಖೆ ಹೇಳಿದೆ ಎಂಬುದನ್ನು ಆರೋಗ್ಯ ಇಲಾಖೆಯ ಆಯುಕ್ತರು ಇದೇ ಅಂಕಣದ ಮೂಲಕ ಸಾರ್ವಜನಿಕರಿಗೆ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ,
ದಾವಣಗೆರೆ